1:87 ರೆಸಿನ್ ಸರಕು ಹಡಗಿನ ಕಿಟ್: ನಾಲ್ಕು ವರ್ಷ ಲೇಔಟ್ ಮೇಲೆ ನಿಂತ ನಂತರ

ಇದು ಮಾದರಿ ರೈಲಿನ ಲೇಔಟ್‌ನಲ್ಲಿ ಬಂದರಿಗೆ ಇಡುವ ವಾಟರ್‌ಲೈನ್ ಕಿಟ್. ನೀರಿನ ಮಟ್ಟದಿಂದ ಮೇಲಿನ ಭಾಗ ಮಾತ್ರ ಇರುತ್ತದೆ, ತಳ ಚಪ್ಪಟೆ. ಒಡಲು ಒಂದೇ ಅಚ್ಚಿನ ರೆಸಿನ್, ಕೈಗಂಬಿಗಳು ಎಚ್ಚಿಂಗ್ ಮಾಡಿದ (ಆಮ್ಲದಿಂದ ಕೊರೆದ) ಹಿತ್ತಾಳೆ, ವಿಂಚ್ ಮತ್ತು ಬೊಲಾರ್ಡ್‌ಗಳು (ಹಗ್ಗ ಸುತ್ತುವ ಗಿಡ್ಡ ಕಂಬಗಳು) ಬಿಳಿಲೋಹ. ಒಡಲಿಗೆ ಪೂರ್ಣ ಅಂಕ ಕೊಡಬಹುದು, ಹಿತ್ತಾಳೆಗೂ ತಕ್ಕಮಟ್ಟಿಗೆ. ಜೊತೆಗೆ ಬರುವ ದಾರವನ್ನು ಮಾತ್ರ ಪೆಟ್ಟಿಗೆ ತೆರೆದ ದಿನವೇ ಎಸೆದರೆ ಒಳ್ಳೆಯದು.

ಕೊಳ್ಳುವ ಮುನ್ನ ಅಳತೆಯ ಲೆಕ್ಕ. ಎರಡನೇ ಮಹಾಯುದ್ಧದ ಲಿಬರ್ಟಿ ಹಡಗು 134.5 ಮೀಟರ್ ಉದ್ದ. ಎಚ್‌ಒ ಸ್ಕೇಲ್‌ನಲ್ಲಿ (1:87) ಅದು ಸುಮಾರು 1.55 ಮೀಟರ್, ಎನ್ ಸ್ಕೇಲ್‌ನಲ್ಲಿ (1:160) 84 ಸೆಂ.ಮೀ. ಹಳೆಯ ಪನಾಮಾ ಕಾಲುವೆಯ ಗರಿಷ್ಠ ಮಿತಿಯಾದ 294 ಮೀಟರಿನ ಹಡಗು ಎಚ್‌ಒದಲ್ಲಿ 3.4 ಮೀಟರ್ ಆಗುತ್ತದೆ. ಅದರ ಪಕ್ಕದಲ್ಲಿ ರೈಲು ಆಟಿಕೆಯಂತೆ ಕಾಣುತ್ತದೆ, ಬೇರೆ ಏನಕ್ಕೂ ಜಾಗ ಉಳಿಯುವುದಿಲ್ಲ. 60 ಮೀಟರ್ ಆಸುಪಾಸಿನ ಕೋಸ್ಟರ್ (ಕರಾವಳಿಯ ಚಿಕ್ಕ ಸರಕು ಹಡಗು) ಆದರೆ ಎಚ್‌ಒದಲ್ಲಿ 69 ಸೆಂ.ಮೀ. ಧಕ್ಕೆಯ ಹಳಿಯ ಮೇಲೆ ನಾಲ್ಕೈದು ವ್ಯಾಗನ್ ನಿಂತಾಗ ಎರಡೂ ಒಂದಕ್ಕೊಂದು ಹೊಂದುತ್ತವೆ. ದೊಡ್ಡ ಹಡಗೇ ಬೇಕೆನ್ನುವವರು ಒಡಲನ್ನು ಎರಡು ಹ್ಯಾಚ್‌ಗಳ (ಡೆಕ್‌ನ ಸರಕುಬಾಯಿಗಳ) ನಡುವೆ ಕತ್ತರಿಸಿ ಐದು ಹೋಲ್ಡ್‌ಗಳನ್ನು (ಸರಕಿನ ಕೋಣೆಗಳನ್ನು) ಮೂರಕ್ಕೆ ಇಳಿಸಬಹುದು. ಮೂತಿಯನ್ನೂ ಹಿಂಭಾಗವನ್ನೂ ಮಾತ್ರ ಮುಟ್ಟಬಾರದು. ಕಣ್ಣು ಹಡಗನ್ನು ಗುರುತಿಸುವುದು ಅಲ್ಲೇ. 1:100ರ ಹಡಗನ್ನು ಎಚ್‌ಒ ಲೇಔಟ್‌ನಲ್ಲಿ ಹಿಂದಕ್ಕೆ ನಿಲ್ಲಿಸಿದರೆ ನಡೆಯುತ್ತದೆ. ಮುಂದೆ ತಂದರೆ ಬಾಗಿಲ ಎತ್ತರವೇ ಗುಟ್ಟು ಬಿಟ್ಟುಕೊಡುತ್ತದೆ.

ಒಡಲಿನ ಕೆಲಸ ಶುರುವಾಗುವುದು ತೊಳೆಯುವುದರಿಂದ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಆಮೇಲೆ ತಳವನ್ನು ಗಾಜಿನ ಮೇಲಿಟ್ಟು ನೋಡಿ. ಮೂತಿಯ ಬಳಿ 2 ಮಿ.ಮೀ. ಎದ್ದಿರುವುದು ಅಪರೂಪವಲ್ಲ. ಒತ್ತಿ ಅಂಟಿಸಿದರೆ ಬೇಸಿಗೆಯಲ್ಲಿ ಮತ್ತೆ ಏಳುತ್ತದೆ. 60ರಿಂದ 70 ಡಿಗ್ರಿ ನೀರಿನಲ್ಲಿ ಮೆದುವಾಗುವ ತನಕ ಮುಳುಗಿಸಿ, ಗಾಜಿನ ಮೇಲೆ ತೂಕ ಹೇರಿ, ಪೂರ್ತಿ ತಣಿಯಲು ಬಿಡಬೇಕು. ಉಳಿದ ಏರಿಳಿತವನ್ನು ಗಾಜಿಗೆ ಅಂಟಿಸಿದ 120 ನಂಬರಿನ ಸ್ಯಾಂಡ್‌ಪೇಪರ್ ಮೇಲೆ ನೀರು ಹಾಕಿ ಉಜ್ಜಿ. ಒಣ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಕಿಟ್‌ನ ದೊಡ್ಡ ಕೊರತೆ ಕೈಪಿಡಿಯಲ್ಲಿದೆ. ಒಡಲನ್ನು ತುಂಬಿದ ಹಡಗಿನ ನೀರಿನ ಮಟ್ಟಕ್ಕೆ ಎರಕ ಹೊಯ್ದಿರುತ್ತಾರೆ. ಆದರೆ ಧಕ್ಕೆಯಲ್ಲಿ ಸರಕು ಇಳಿಸುತ್ತಿರುವ ಹಡಗು ಹಗುರಾಗಿ ಮೇಲೆ ಏಳುತ್ತಲೇ ಇರುತ್ತದೆ. ಅದೂ ಸಮನಾಗಿ ಅಲ್ಲ: ಎಂಜಿನ್ ಹಿಂದಿರುವ ಕೋಸ್ಟರ್ ಖಾಲಿಯಾದಂತೆ ಮೂತಿ ಎತ್ತುತ್ತದೆ. ತಳದ ಆಕಾರಕ್ಕೆ ಕತ್ತರಿಸಿದ ಎಂಡಿಎಫ್ ಹಲಗೆಯನ್ನು ಮೂತಿಯಲ್ಲಿ 14 ಮಿ.ಮೀ., ಹಿಂದೆ 6 ಮಿ.ಮೀ. ಇರುವಂತೆ ಇಳಿಜಾರಾಗಿ ಉಜ್ಜಿ, ವಾರ್ನಿಶ್ ಕುಡಿಸಿ, ಅಡಿಗೆ ಅಂಟಿಸಿ ಮಂದ ಕೆಂಪು ಬಣ್ಣ ಬಳಿದರೆ ಹಡಗಿಗೆ ಜೀವ ಬರುತ್ತದೆ. ನಾಲ್ಕು ವರ್ಷದಲ್ಲಿ ನೋಡಿದವರು ಮೊದಲು ಬೆರಳು ತೋರಿಸಿದ್ದು ಈ ಕೆಂಪು ಪಟ್ಟಿಗೆ.

ಪಟ್ಟಿಯ ಮೇಲೆ ಗುರುತುಗಳು ಬೇಕು. ಡೆಕಾಲ್ (ಅಂಟಿಸುವ ಮುದ್ರಿತ ಚಿತ್ರ) ಹಾಳೆಯ ಪ್ಲಿಮ್‌ಸೋಲ್ ಗುರುತು, ಅಂದರೆ ಹಡಗು ಎಲ್ಲಿಯ ತನಕ ಮುಳುಗಬಹುದೆಂದು ತೋರಿಸುವ ವೃತ್ತ ಮತ್ತು ಗೆರೆ, ತೀರಾ ದೊಡ್ಡದು. ನಿಜವಾದ ವೃತ್ತದ ಹೊರವ್ಯಾಸ 300 ಮಿ.ಮೀ., ಅಡ್ಡಗೆರೆ 450 ಮಿ.ಮೀ.; ಎಚ್‌ಒದಲ್ಲಿ ಅವು 3.4 ಮತ್ತು 5.2 ಮಿ.ಮೀ. ಹಡಗು ಎಷ್ಟು ಮುಳುಗಿದೆ ಎಂದು ತೋರಿಸುವ ಆಳದ ಅಂಕಿಗಳು ಮೆಟ್ರಿಕ್ ಹಡಗಿನಲ್ಲಿ 10 ಸೆಂ.ಮೀ. ಎತ್ತರ, ಅಂದರೆ ಇಲ್ಲಿ 1.15 ಮಿ.ಮೀ. ಕೈಯಲ್ಲಿ ಬರೆಯುವ ಸಾಹಸ ಬೇಡ, ರೈಲ್ವೆ ವ್ಯಾಗನ್‌ಗಳ ಡೆಕಾಲ್ ಹಾಳೆಯ ಚಿಕ್ಕ ಅಂಕಿಗಳು ಸರಿಹೊಂದುತ್ತವೆ.

ಹಿತ್ತಾಳೆ ಕೈಗಂಬಿ ನೋಡಲು ಚೆನ್ನ. ಸೂಪರ್‌ಗ್ಲೂ ಒಂದನ್ನೇ ನಂಬಿ ಹಚ್ಚಿದ ಕಡೆ ಮಾತ್ರ ಎರಡನೇ ವರ್ಷಕ್ಕೇ ಕಳಚತೊಡಗುತ್ತದೆ. ಉಷ್ಣತೆಗೆ ಲೋಹ ಮತ್ತು ರೆಸಿನ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಪೆಡಸಾದ ಗ್ಲೂ ಅದನ್ನು ತಾಳದು. ಪ್ರತಿ ನಾಲ್ಕನೇ ಕಂಬಕ್ಕೆ 0.5 ಮಿ.ಮೀ. ರಂಧ್ರ ಕೊರೆದು, ಕಂಬದ ತುದಿಯನ್ನು ಅದರೊಳಗೆ ಇಳಿಸಿ, ಎಪಾಕ್ಸಿ ಹಾಕಿದ ಭಾಗಗಳು ಇನ್ನೂ ಅಲುಗಾಡಿಲ್ಲ.

ದಾರದ ವಿಷಯ. ಕಿಟ್‌ನ ಹತ್ತಿದಾರಕ್ಕೆ ನೂಲಿನ ರೋಮ ಏಳುತ್ತದೆ, ಗಾಳಿಯ ತೇವಕ್ಕೆ ತಕ್ಕಂತೆ ಸಡಿಲವೂ ಬಿಗಿಯೂ ಆಗುತ್ತದೆ. ಡೆರಿಕ್‌ನ (ಸರಕು ಎತ್ತುವ ತೋಳಿನ) ತಂತಿಗಳಿಗೆ ಹಿಗ್ಗುವ ಇಲಾಸ್ಟಿಕ್ ದಾರ ಬಳಸಿ. ಧೂಳು ಒರೆಸುವಾಗ ಕೈ ತಗುಲಿದರೂ ಮತ್ತೆ ನೆಟ್ಟಗಾಗುತ್ತದೆ. ಧಕ್ಕೆಗೆ ಕಟ್ಟುವ ಹಗ್ಗಗಳಿಗೆ 0.6 ಮಿ.ಮೀ. ಪಾಲಿಯೆಸ್ಟರ್ ದಾರ, ಜೇನುಮೇಣದಲ್ಲಿ ಎಳೆದು. ಅವು ನೆಟ್ಟಗಿರದೆ ಸ್ವಲ್ಪ ಜೋಲಿದ್ದರೇ ಸಹಜ. ಮೂತಿ ಮತ್ತು ಹಿಂಭಾಗದ ಹಗ್ಗಗಳಷ್ಟೇ ಸಾಲದು, ಹಡಗು ಹಿಂದೆ ಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ಸ್ಪ್ರಿಂಗ್ ಹಗ್ಗಗಳೂ ಬೇಕು. ಬಹುತೇಕ ಲೇಔಟ್‌ಗಳಲ್ಲಿ ಇವೇ ಇರುವುದಿಲ್ಲ.

ನೀರು ಕಿಟ್‌ನ ಭಾಗವಲ್ಲ, ಆದರೂ ಹಡಗು ಕೆಡುವುದು ಅಲ್ಲೇ. ಎರಡು ಭಾಗದ ಎಪಾಕ್ಸಿ ಸುರಿದರೆ ಅದು ಒಡಲಿನ ಬದಿಯನ್ನು ಹತ್ತಿ ಹೊಳೆಯುವ ಅಂಚು ಬಿಡುತ್ತದೆ, ವರ್ಷಗಳಲ್ಲಿ ಹಳದಿಯಾಗುತ್ತದೆ. ಬಂದರಿನ ನೀರು ಹೇಗೂ ಪಾರದರ್ಶಕವಲ್ಲ. ಗಟ್ಟಿ ಹಲಗೆಗೆ ಕಪ್ಪು ಬೆರೆತ ಹಸಿರು ಬಣ್ಣ, ಅದರ ಮೇಲೆ ಹೊಳಪಿನ ಅಕ್ರಿಲಿಕ್ ಜೆಲ್ ಎರಡು ಮೂರು ತೆಳುಪದರ ಸಾಕು. ಕೊನೆಯ ಪದರ ಹಸಿ ಇರುವಾಗ ಒಡಲಿನ ತಳಕ್ಕೆ ಅಡುಗೆಮನೆಯ ಪ್ಲಾಸ್ಟಿಕ್ ಫಿಲ್ಮ್ ಸುತ್ತಿ ಒತ್ತಿ ಇಡಿ. ಜೆಲ್ ಒಣಗಿದ ಮೇಲೆ ಹಡಗನ್ನು ಎತ್ತಿ ಫಿಲ್ಮ್ ಬಿಚ್ಚಿದರೆ ಅದೇ ಆಕಾರದ ಗುಂಡಿ ಉಳಿಯುತ್ತದೆ. ಬಿರುಕು ಕಾಣದು, ಬೇಕೆಂದಾಗ ಹಡಗು ಹೊರಬರುತ್ತದೆ. ಜೆಲ್ ಮಳೆಗಾಲದಲ್ಲಿ ತುಸು ಅಂಟಂಟಾಗಿ ಧೂಳು ಹಿಡಿಯುತ್ತದೆ, ಮೇಲೆ ಒಂದು ಕೈ ಗಟ್ಟಿ ವಾರ್ನಿಶ್ ಕೊಡಲೇಬೇಕು.

ಹಡಗನ್ನು ಕಾಯಂ ಅಂಟಿಸುವವರಿಗೆ, ಅಥವಾ ಬರೀ ಫೋಮ್ ತಳದ ಲೇಔಟ್ ಇರುವವರಿಗೆ ಈ ಕಿಟ್ ಬೇಡ. ಒಡಲಿನ ಭಾರಕ್ಕೆ ಫೋಮ್ ತಗ್ಗುತ್ತದೆ, ಆಗ ಧಕ್ಕೆಗೂ ಡೆಕ್‌ಗೂ ಎತ್ತರ ತಾಳೆಯಾಗುವುದಿಲ್ಲ. ಅಡಿಗೆ 12 ಮಿ.ಮೀ. ಪ್ಲೈವುಡ್ ಇದ್ದರೆ ಧೈರ್ಯವಾಗಿ ಕೊಳ್ಳಿ.