ತೋಟದ ಕೆಲಸಕ್ಕೆ ಯಾವ ಬೂಟು? ಮೂರು ಬಗೆ ಹಾಕಿ ನೋಡಿದ ಮೇಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ತೋಟ, ದನದ ಹಟ್ಟಿ ಎರಡನ್ನೂ ನೋಡಿಕೊಳ್ಳುವ ಹೆಂಗಸರಿಗೆ ಸರಿಯಾದ ಬೂಟು ಸಿಗುವುದು ಕಷ್ಟ. ಅಂಗಡಿಯಲ್ಲಿ ನೇತುಹಾಕಿದ ಗಂಬೂಟು ಹೆಚ್ಚಾಗಿ 6ನೇ ನಂಬರಿನಿಂದ ಶುರು. ನನ್ನ ಕಾಲು 4. "ಎರಡು ಸಾಕ್ಸ್ ಹಾಕಿ ಅಕ್ಕ, ಸರಿಯಾಗ್ತದೆ" ಅಂತಾರೆ. ಆಗುವುದಿಲ್ಲ. ಒಂದು ನಂಬರಿಗೆ ಉದ್ದ ಸುಮಾರು 8.5 ಮಿಲಿಮೀಟರ್ ಹೆಚ್ಚುತ್ತದೆ. ಎರಡು ನಂಬರ್ ದೊಡ್ಡದು ಹಾಕಿದರೆ ಹಿಮ್ಮಡಿ ಒಳಗೇ ಏರಿಳಿದು ಬೊಕ್ಕೆ ಏಳುತ್ತದೆ. ಕೆಸರಿನಲ್ಲಂತೂ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ.

ನಾನು ಹಾಕಿ ದುಡಿದದ್ದು ಮೂರು ಬಗೆ: ಮೊಣಕಾಲಿನ ಹತ್ತಿರದವರೆಗೆ ಬರುವ ಪಿವಿಸಿ ಗಂಬೂಟು, ಮೀನಖಂಡದ ಅರ್ಧಕ್ಕೆ ನಿಲ್ಲುವ ರಬ್ಬರ್ ಬೂಟು, ಬದಿಯಲ್ಲಿ ಇಲಾಸ್ಟಿಕ್ ಇರುವ ಚರ್ಮದ ಬೂಟು.

ದಿನದ ಕೆಲಸಕ್ಕೆ ನನ್ನ ಆಯ್ಕೆ ಗಿಡ್ಡ ರಬ್ಬರ್ ಬೂಟು. ಹೆಂಗಸರ ಮೀನಖಂಡದ ದಪ್ಪ ಭಾಗ ಗಂಡಸರಿಗಿಂತ ಸ್ವಲ್ಪ ಕೆಳಗಿರುತ್ತದೆ. ಗಂಡಸರ ಅಳತೆಯ ಉದ್ದ ಬೂಟಿನ ಬಾಯಿ ಅಲ್ಲೇ ಒತ್ತುತ್ತದೆ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತರೆ ಅದರ ಅಂಚು ಮೊಣಕಾಲಿನ ಹಿಂದೆ ಚುಚ್ಚುತ್ತದೆ. ಗಿಡ್ಡ ಬೂಟಿನಲ್ಲಿ ಈ ತೊಂದರೆಯಿಲ್ಲ. ರಬ್ಬರು ಪಾದದ ಜೊತೆ ಬಗ್ಗುತ್ತದೆ, ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲೂ ಹಿಡಿತ ಚೆನ್ನಾಗಿದೆ. ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೋ ಕಾಲಗಂಟಿನ ಆಸುಪಾಸಿಗೋ. ಅಷ್ಟು ಜಾಗ ಇದರಲ್ಲಿ ಮುಚ್ಚುತ್ತದೆ. ಇಲಿಜ್ವರದ ಭಯವೂ ಸಣ್ಣದಲ್ಲ. ಇಲಿಯ ಮೂತ್ರ ಸೇರಿದ ನೀರು ಒಡೆದ ಹಿಮ್ಮಡಿಗೆ ತಾಗಿದರೆ ಸಾಕು. ಹಟ್ಟಿಗೆ ಬರಿಗಾಲಲ್ಲಿ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆದರೆ ಅಡಿಕೆಗೆ ಮದ್ದು ಬಿಡುವ (ಸಿಂಪಡಿಸುವ) ದಿನ ಪಿವಿಸಿಯೇ ಬೇಕು. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ತಾಮ್ರ ಇದೆ, ತಾಮ್ರ ರಬ್ಬರನ್ನು ಹಾಳು ಮಾಡುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವವರು ತಾಮ್ರ, ಹಿತ್ತಾಳೆಯ ಪಾತ್ರೆ ಬಳಸದೇ ಇರುವುದು ಅದಕ್ಕೇ. ಪಿವಿಸಿಗೆ ಆ ತೊಂದರೆಯಿಲ್ಲ. ನೀಲಿ ಕಲೆಯೂ ತೊಳೆದರೆ ಹೋಗುತ್ತದೆ. ಆ ದಿನ ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ, ಹೊರಗೆ ಬಿಡಿ. ಇಲ್ಲದಿದ್ದರೆ ಮೇಲಿಂದ ಸುರಿದ ಮದ್ದೆಲ್ಲ ಬೂಟಿನೊಳಗೇ ಇಳಿಯುತ್ತದೆ. ಪಿವಿಸಿ ಅಗ್ಗವೂ ಹೌದು. ಆದರೆ ಭಾರ, ಒಳಗೆ ಬೆವರು ಜಾಸ್ತಿ, ಬಿಸಿಲಲ್ಲಿಟ್ಟರೆ ಗಟ್ಟಿಯಾಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಚರ್ಮದ ಬೂಟು ಮಳೆ ನಿಂತ ಮೇಲಿನ ಮಾತು. ಗುಡ್ಡೆಯಲ್ಲಿ ಗೇರುಬೀಜ ಹೆಕ್ಕಲು, ಒಣಗಿದ ಮುಳ್ಳಿನ ನಡುವೆ ನಡೆಯಲು ಅದರಷ್ಟು ಹಾಯಾದದ್ದು ಬೇರೆ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಗಂಜಲದಲ್ಲಿ ಹಾಳಾಗುತ್ತದೆ. ಹಟ್ಟಿಗೆ ಸುಮ್ನೆ ದಂಡ.

ಅಳತೆ ನೋಡುವಾಗ ಒಂದು ವಿಷಯ ಮರೆಯಬೇಡಿ. ಲೇಸ್ ಇಲ್ಲದ ಬೂಟನ್ನು ಕಾಲಿನಲ್ಲಿ ಹಿಡಿದಿಡುವುದು ಪಾದದ ಮೇಲಿನ ಉಬ್ಬು. ಅಲ್ಲಿ ಬೂಟು ಒತ್ತಿ ಕೂರಬೇಕು, ಆದರೆ ನೋಯಬಾರದು. ಸಂಜೆ ಹೋಗಿ ಹಾಕಿ ನೋಡಿ, ದುಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ. ಕೆಲಸಕ್ಕೆ ಹಾಕುವ ಸಾಕ್ಸನ್ನೇ ತೆಗೆದುಕೊಂಡು ಹೋಗಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಕಾಲುಂಗುರ ಹಾಕುವವರು ಬೆರಳಿನ ಜಾಗ ಅಗಲ ಇದೆಯಾ ಅಂತ ನಡೆದೇ ನೋಡಬೇಕು. ನಿಂತಾಗ ಗೊತ್ತಾಗದ ಒತ್ತು ನಾಲ್ಕು ಹೆಜ್ಜೆ ಇಟ್ಟಾಗ ಗೊತ್ತಾಗುತ್ತದೆ. ಚರ್ಮದ ಬೂಟಿನಲ್ಲಿ ಹಿಮ್ಮಡಿ ಶುರುವಿಗೆ ಸ್ವಲ್ಪ ಜಾರಿದರೆ ಚಿಂತೆಯಿಲ್ಲ, ಅಟ್ಟೆ ಬಗ್ಗಲು ಶುರುವಾದ ಮೇಲೆ ಕಡಿಮೆಯಾಗುತ್ತದೆ. ಪಿವಿಸಿಯಲ್ಲಿ ಜಾರಿದರೆ ಅದು ಕೊನೆಯವರೆಗೂ ಹಾಗೆಯೇ.

4, 5ನೇ ನಂಬರು ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ನಾವು ಕೇಳದೆ ಅವರು ತರುವುದಿಲ್ಲ ಅಲ್ವಾ? ಹಣ ಒಂದಕ್ಕೇ ಇದ್ದರೆ ಗಿಡ್ಡ ರಬ್ಬರ್ ತಗೊಳ್ಳಿ. ಮದ್ದಿನ ದಿನಕ್ಕೆ ಪಿವಿಸಿ ಆಮೇಲೆ ಸೇರಿಸಬಹುದು. ಯಾವುದೇ ಆದರೂ ರಾತ್ರಿ ನೆರಳಿನಲ್ಲಿ ಗೂಟಕ್ಕೆ ಕವುಚಿ ಹಾಕಿ, ಬೆಳಿಗ್ಗೆ ಕೊಡವಿಯೇ ಕಾಲು ಹಾಕಿ. ಚೇಳು, ಕಪ್ಪೆ ಒಳಗೆ ಸೇರಿಕೊಳ್ಳುವುದು ನಮ್ಮ ಕಡೆ ಮಾಮೂಲು.