ಕೆರೆದಂಡೆಯ ಪಂಪಿಗೆ ವಿಎಫ್‌ಡಿ: ಏಳು ಬೇಸಿಗೆ ಬಳಸಿದ ಮೇಲೆ

ಮೊದಲು ದೂರು ಹೇಳಿದ್ದು ಅಪ್ಪನ ರೇಡಿಯೋ. 2018ರ ನವೆಂಬರಿನಲ್ಲಿ ಜಗಲಿಯ ಗೋಡೆಗೆ ಮೋಟರಿನ ವೇಗ ಏರಿಸಿ ಇಳಿಸುವ ಪೆಟ್ಟಿಗೆ, ಅಂದರೆ ವಿಎಫ್‌ಡಿ (ಡ್ರೈವು ಎಂದೂ ಹೇಳುತ್ತಾರೆ) ಕೂರಿಸಿ ಮರುದಿನ ಬೆಳಗ್ಗೆ ಪಂಪು ಹಾಕಿದೆ. ಆಕಾಶವಾಣಿ ಮಂಗಳೂರಿನ ಮೀಡಿಯಂ ವೇವ್‌ನಲ್ಲಿ ಬರುತ್ತಿದ್ದ ವಾರ್ತೆಯ ಮೇಲೆ ಝುಂಯ್ ಎಂದು ಒಂದೇ ಸಮನೆ ಸದ್ದು. ಪಂಪು ನಿಲ್ಲಿಸಿದರೆ ವಾರ್ತೆ, ಹಾಕಿದರೆ ಝುಂಯ್. “ಆ ಪೆಟ್ಟಿಗೆ ಸರಿ ಇಲ್ಲ ಮಾರಾಯ” ಅಂದರು ಅಪ್ಪ. ರೇಡಿಯೋಕ್ಕೆ ವಯಸ್ಸಾಯಿತು ಅಂದುಕೊಂಡು ಅದನ್ನು ಒಳಕೋಣೆಗೆ ಸಾಗಿಸಿದೆ. ಅಪ್ಪ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು ಎಂದು ತಿಳಿಯುವ ಹೊತ್ತಿಗೆ ಹದಿನೈದು ತಿಂಗಳು ಕಳೆದು, ಒಂದು ಮೋಟರು ಸುಟ್ಟಿತ್ತು. ಪೆಟ್ಟಿಗೆ ಸರಿಯಾಗಿಯೇ ಇತ್ತು. ಅದನ್ನು ಇಟ್ಟ ಜಾಗ ತಪ್ಪಾಗಿತ್ತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಅಡಿಕೆ ತೋಟ. ಕೆರೆ ತಗ್ಗಿನಲ್ಲಿದೆ. ದಂಡೆಯ ಮುರಕಲ್ಲಿನ ಶೆಡ್ಡಿನಲ್ಲಿ ಅಪ್ಪ 1996ರಲ್ಲಿ ತಂದ 5 ಎಚ್‌ಪಿಯ ಮೂರು ಫೇಸಿನ ಮೋನೋಬ್ಲಾಕ್ (ಮೋಟರು, ಪಂಪು ಎರಡೂ ಒಂದೇ ಮೈಯಲ್ಲಿರುವುದು). ಹಳೆಯ ತೋಟ ಕೆರೆಯ ನೀರಿಗಿಂತ ಐದಾರು ಮೀಟರು ಮೇಲೆ, ಗುಡ್ಡೆ ತಟ್ಟು ಮಾಡಿ ನಾನಿಟ್ಟ ಹೊಸ ಸಸಿಗಳು 20 ಮೀಟರು ಮೇಲೆ. ಎರಡಕ್ಕೂ ಅದೊಂದೇ ಪಂಪು. ಗುಡ್ಡೆಯ ತುದಿಗೆ ನೀರು ಹತ್ತಿಸುವ ಒತ್ತಡವನ್ನು ಕೆಳಗಿನ ತೋಟದ ಪೈಪಿಗೆ ಬಿಟ್ಟರೆ ಏನಾಗುತ್ತದೆ ಎಂದು ಇಂಥ ಜಾಗದಲ್ಲಿ ಕೃಷಿ ಮಾಡುವವರಿಗೆ ಹೇಳಬೇಕಾಗಿಲ್ಲ. ಸ್ಪ್ರಿಂಕ್ಲರಿನ ನೀರು ಹನಿಯಾಗಿ ಬೀಳದೆ ಹೊಗೆಯಾಗಿ ಗಾಳಿಯಲ್ಲೇ ಹೋಗುತ್ತದೆ, ಪಿವಿಸಿಯ ಜಾಯಿಂಟು ಕಿತ್ತು ಬರುತ್ತದೆ. ಗೇಟ್‌ವಾಲ್ವು ಅರ್ಧ ತಿರುಗಿಸಿ ಒತ್ತಡ ಇಳಿಸುತ್ತಿದ್ದೆವು. ಮೋಟರು ಪೂರ್ತಿ ವೇಗದಲ್ಲಿ ತಿರುಗಿ ಎಬ್ಬಿಸಿದ ಒತ್ತಡವನ್ನು ವಾಲ್ವಿನ ಬಾಯಲ್ಲಿ ಕೊಂದುಹಾಕುವ ಕೆಲಸ ಅದು. ಪ್ರತಿ ವರ್ಷ ಕಡಿಮೆಯೆಂದರೆ ನಾಲ್ಕು ಸಲ ಸೊಲ್ಯೂಷನ್ ಡಬ್ಬ ಹಿಡಿದು ತೋಟಕ್ಕೆ ಇಳಿಯುತ್ತಿದ್ದೆ.

ವಿಎಫ್‌ಡಿ ತಂದದ್ದು ಈ ಕಾರಣಕ್ಕೆ, ಕರೆಂಟು ಬಿಲ್ಲಿಗಾಗಿ ಅಲ್ಲ. ಪೇಟೆಯ ಅಂಗಡಿಯಲ್ಲಿ 18,500 ರೂಪಾಯಿ ಕೊಟ್ಟೆ. ಮಾರುವವರು ಬಿಲ್ಲಿನ ಉಳಿತಾಯವನ್ನೇ ಮುಂದಿಡುತ್ತಾರೆ, ಅದರ ಲೆಕ್ಕವೂ ಸುಳ್ಳಲ್ಲ. ಪಂಪಿನ ವೇಗ ಇಳಿಸಿದರೆ ನೀರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಒತ್ತಡ ವೇಗದ ವರ್ಗದ ಹಾಗೆ, ಶಕ್ತಿ ಘನದ ಹಾಗೆ ಇಳಿಯುತ್ತದೆ. ಕರೆಂಟಿನ ಹರ್ಟ್ಸ್ ಇಳಿದಷ್ಟೂ ಮೋಟರಿನ ವೇಗ ಇಳಿಯುತ್ತದೆ. 50 ಹರ್ಟ್ಸ್ ಬದಲು 38ರಲ್ಲಿ ಓಡಿಸಿದರೆ ಒತ್ತಡ ಶೇಕಡಾ 58, ಶಕ್ತಿ ಶೇಕಡಾ 44. ಆದರೆ ಇದು ಪೈಪಿನ ತಿಕ್ಕಾಟವನ್ನಷ್ಟೇ ಗೆಲ್ಲಬೇಕಾದ ಪಂಪಿಗೆ ಚೆನ್ನಾಗಿ ಒಪ್ಪುವ ಲೆಕ್ಕ. ನೀರನ್ನು ಮೇಲಕ್ಕೆ ಎತ್ತಲೇಬೇಕಾದಲ್ಲಿ ಎತ್ತರ ಎನ್ನುವುದು ವೇಗದ ಜೊತೆ ಇಳಿಯುವುದಿಲ್ಲವಲ್ಲ. ನಮ್ಮ ಗುಡ್ಡೆಯ ಲೈನು 44 ಹರ್ಟ್ಸಿನಲ್ಲಿ ಪೈಪಿನ ತುಂಬ ನೀರು ಹೊತ್ತು ನಿಂತಿರುತ್ತದೆ, ತುದಿಯ ಸ್ಪ್ರಿಂಕ್ಲರು ತಿರುಗುವುದಿಲ್ಲ. ಅದಕ್ಕೆ 49 ಬೇಕು. ಅಂದರೆ ಅಲ್ಲಿ ಉಳಿತಾಯ ಇಲ್ಲವೆಂದೇ ಲೆಕ್ಕ. ಅದೂ ಅಲ್ಲದೆ ಕೃಷಿ ಕನೆಕ್ಷನ್ನಿಗೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ದರ ಮೊದಲೇ ಕಡಿಮೆ. ಬಿಲ್ಲು ನೋಡಿ ವಿಎಫ್‌ಡಿ ಕೊಳ್ಳಬೇಡಿ.

ಕೆಳಗಿನ ತೋಟದ ಮಾತು ಬೇರೆ. ಅಲ್ಲಿ 38 ಹರ್ಟ್ಸಿಗೆ ಇಟ್ಟ ಬೆಳಗಿನಿಂದ ಇವತ್ತಿನವರೆಗೆ ಒಂದು ಜಾಯಿಂಟೂ ಬಿಟ್ಟಿಲ್ಲ.

ಪಂಪು ಹಾಕುವ ಆ ಒಂದು ನಿಮಿಷವನ್ನು ವಿವರವಾಗಿ ಹೇಳಬೇಕು, ಏಕೆಂದರೆ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು. ಮೊದಲು ಮೋಟರನ್ನು ಎರಡು ಹಂತದಲ್ಲಿ ಹಾಕುವ ಸ್ಟಾರ್‌ಡೆಲ್ಟಾ ಸ್ಟಾರ್ಟರು ಇತ್ತು. ಎರಡನೇ ಹಂತವಾದ ಡೆಲ್ಟಾಕ್ಕೆ ಬೀಳುವಾಗ ಮನೆಯ ಬಲ್ಬು ಒಮ್ಮೆ ಮಂಕಾಗುತ್ತಿತ್ತು. ನಿಲ್ಲಿಸುವಾಗ ಗುಡ್ಡೆಯ ಪೈಪಿನ ನೀರೆಲ್ಲ ಹಿಂದೆ ಬಂದು ನಾನ್‌ರಿಟರ್ನ್ ವಾಲ್ವಿಗೆ ಬಡಿದ ಢಬ್ ಎನ್ನುವ ಸದ್ದು ಮನೆಯವರೆಗೂ ಕೇಳುತ್ತಿತ್ತು. ಈಗ ಐದೂವರೆಗೆ, ಇನ್ನೂ ಕತ್ತಲೆ ಇರುವಾಗ, ಹಸಿರು ಬಟನ್ ಒತ್ತುತ್ತೇನೆ. ಕೆಂಪು ಅಂಕೆ ಸೊನ್ನೆಯಿಂದ ಏರತೊಡಗುತ್ತದೆ. ಹತ್ತರಲ್ಲಿ ಮೋಟರು ಗುನುಗುತ್ತದೆ, ಇಪ್ಪತ್ತು ದಾಟಿದಾಗ ಪೈಪು ತುಂಬುವ ಗುಳುಗುಳು. ಮೂವತ್ತರ ಹೊತ್ತಿಗೆ ಹತ್ತಿರದ ಜೆಟ್ಟುಗಳು ಬಾಯಿಂದ ನೀರು ಸೋರಿಸುತ್ತವೆ, ಆಮೇಲೆ ಒಂದೊಂದಾಗಿ ತಲೆ ಎತ್ತಿ ಚಿಕ್ ಚಿಕ್ ಎಂದು ತಿರುಗುತ್ತವೆ. ಕೊನೆಯ ಸಾಲು ತಿರುಗುವಾಗ ಅಂಕೆ 38ರಲ್ಲಿ ನಿಂತಿರುತ್ತದೆ. ನಿಲ್ಲಿಸಲು 20 ಸೆಕೆಂಡು ಕೊಟ್ಟಿದ್ದೇನೆ, ನೀರು ಮೆಲ್ಲ ಇಳಿಯುತ್ತದೆ, ವಾಲ್ವು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಸೋಗೆಯ ಮೇಲೆ ನೀರು ಬೀಳುವ ಸದ್ದು ಬಿಟ್ಟರೆ ಬೇರೆ ಗದ್ದಲವಿಲ್ಲದ ಇಂಥ ಬೆಳಗು ನಮ್ಮ ತೋಟದಲ್ಲಿ ಮೊದಲು ಇರಲಿಲ್ಲ.

ಇಷ್ಟು ಹೊಗಳಿಕೊಂಡು ಹದಿನೈದು ತಿಂಗಳು ಓಡಿಸಿದೆ. ಪಂಪಿನ ಮೀಟರು ಮನೆಯ ಗೋಡೆಯಲ್ಲಿದೆ, ಅಲ್ಲಿಂದ ಕೆರೆಗೆ 130 ಮೀಟರು ಕೇಬಲು ಮಣ್ಣಿನಡಿ ಹೋಗಿದೆ. ಡ್ರೈವನ್ನು ಮೀಟರಿನ ಪಕ್ಕ ಜಗಲಿಯಲ್ಲೇ ಇಟ್ಟರೆ ಮಳೆ, ಥಂಡಿ, ಇರುವೆಯ ಹೆದರಿಕೆಯಿಲ್ಲ. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಕೆರೆಗೆ ಇಳಿಯುವುದೂ ಬೇಡ. ಅಂಗಡಿಯವರು, ಕೂರಿಸಲು ಬಂದವರು ಇಬ್ಬರೂ ಒಳ್ಳೆಯದೆಂದರು. ಕೇಬಲು ಎಷ್ಟು ಉದ್ದ ಎಂದು ಯಾರೂ ಕೇಳಲಿಲ್ಲ. ಈ ಒಂದು ಪ್ರಶ್ನೆ ಕೇಳದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ.

ರೇಡಿಯೋದ ನಂತರ ದೂರು ಹೇಳಿದ್ದು ಇಎಲ್‌ಸಿಬಿ, ಕರೆಂಟು ಭೂಮಿಗೆ ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು. ವಾರಕ್ಕೆ ಎರಡು ಮೂರು ಸಲ, ಯಾವ ಕಾರಣವೂ ಕಾಣದೆ ಬೀಳುತ್ತಿತ್ತು. “ಅದನ್ನು ಬೈಪಾಸ್ ಮಾಡಿಬಿಡುವ” ಎಂದರು ಕೂರಿಸಿದವರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಪ್ಪ ಮುಟ್ಟುವ ಲೈನು. ಒಪ್ಪಲಿಲ್ಲ. ಆ ಒಂದು ವಿಷಯದಲ್ಲಿ ಹಟ ಮಾಡಿದ್ದು ಒಳ್ಳೆಯದಾಯಿತು.

2020ರ ಫೆಬ್ರವರಿಯಲ್ಲಿ, ಬಿಸಿಲು ಏರುತ್ತಿರುವಾಗಲೇ, ಡ್ರೈವು ಓವರ್‌ಕರೆಂಟ್ ತೋರಿಸಿ ನಿಂತಿತು. ಶೆಡ್ಡಿನ ಬಾಗಿಲು ತೆಗೆದರೆ ವಾರ್ನಿಶ್ ಸುಟ್ಟ ವಾಸನೆ. ಬದಿಯಡ್ಕದ ವೈಂಡಿಂಗ್ ಅಂಗಡಿಗೆ ಜೀಪಿನಲ್ಲಿ ಹಾಕಿಕೊಂಡು ಹೋದೆ. ಅಲ್ಲಿಯ ಹಿರಿಯರು ಮೋಟರು ಬಿಚ್ಚಿ ಟಾರ್ಚು ಹಿಡಿದು ತುಂಬ ಹೊತ್ತು ನೋಡಿದರು.

“ಮಾಷ್ಟ್ರೇ, ಇದು ಲೋಡು ಹೆಚ್ಚಾಗಿ ಸುಟ್ಟದ್ದಲ್ಲ. ಹಾಗಾದರೆ ಮೂರು ಫೇಸಿನ ಕಾಯಿಲೂ ಒಟ್ಟಿಗೆ ಕಪ್ಪಾಗ್ತದೆ. ಇಲ್ಲಿ ನೋಡಿ, ಲೀಡ್ ವಯರು ಬಂದು ಸೇರುವ ಮೊದಲ ನಾಲ್ಕೈದು ಸುತ್ತು ಮಾತ್ರ. ಡ್ರೈವು ಹಾಕಿದ್ದೀರಾ?”

“ಹಾಕಿದ್ದೇನೆ.”

“ಡ್ರೈವಿನಿಂದ ಮೋಟರಿಗೆ ವಯರು ಎಷ್ಟು ಉಂಟು?”

“ನೂರ ಮೂವತ್ತು ಮೀಟರು.”

ಅವರು ಟಾರ್ಚು ಆರಿಸಿದರು. ಆ ಮೇಲೆ ಒಂದು ಚಾ ತರಿಸಿ, ಯಾರೂ ನನಗೆ ಹೇಳದಿದ್ದುದನ್ನು ಹೇಳಿಕೊಟ್ಟರು. ನನಗೆ ಅರ್ಥವಾದದ್ದು ಹೀಗೆ. ಡ್ರೈವು ನಮ್ಮ 415 ವೋಲ್ಟಿನ ಎಸಿಯನ್ನು ಮೊದಲು ಸುಮಾರು 580 ವೋಲ್ಟಿನ ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು, ತುಂಡುಗಳ ಅಗಲ ಹೆಚ್ಚುಕಡಿಮೆ ಮಾಡಿ, ಬೇಕಾದ ಹರ್ಟ್ಸಿನ ಎಸಿಯಂತೆ ಮೋಟರಿಗೆ ಉಣಿಸುತ್ತದೆ. ಒಂದೊಂದು ತುಂಡೂ ಸೊನ್ನೆಯಿಂದ 580ಕ್ಕೆ ಏರುವುದು ಮೈಕ್ರೊಸೆಕೆಂಡಿನ ಒಂದು ಅಂಶದಲ್ಲಿ. ವಯರು ಗಿಡ್ಡವಿದ್ದರೆ ತೊಂದರೆಯಿಲ್ಲ. ಉದ್ದವಿದ್ದರೆ, ಕೆರೆಯ ಅಲೆ ದಂಡೆಗೆ ಬಡಿದು ಎರಡು ಪಟ್ಟು ಎತ್ತರಕ್ಕೆ ಏಳುವ ಹಾಗೆ, ಆ ತುಂಡು ಮೋಟರಿನ ತುದಿಯಲ್ಲಿ ಹಿಂದಕ್ಕೆ ಪುಟಿಯುತ್ತದೆ. ಟರ್ಮಿನಲ್ಲಿನಲ್ಲಿ ಸಾವಿರದ ನೂರು ವೋಲ್ಟಿನ ಮೇಲೂ ಹೋಗಬಹುದು. ಅದರ ಹೆಚ್ಚಿನ ಪೆಟ್ಟು ತಿನ್ನುವುದು ಕಾಯಿಲಿನ ಮೊದಲ ಸುತ್ತುಗಳು. ಡ್ರೈವಿಗೆಂದು ಮಾಡಿದ ಮೋಟರಿನ ಎನಾಮಲ್ ಇದನ್ನು ತಾಳುತ್ತದೆ. 1996ರ ಮೋಟರು ಹದಿನೈದು ತಿಂಗಳು ತಾಳಿತು.

ಮನೆಗೆ ಬಂದು ಡ್ರೈವಿನ ಜೊತೆ ಬಂದ ಪುಸ್ತಕ ಬಿಡಿಸಿದೆ. ಮೋಟರಿನ ಕೇಬಲು 50 ಮೀಟರು ಮೀರಿದರೆ ಔಟ್‌ಪುಟ್ ಚೋಕ್ (ಈ ಪೆಟ್ಟನ್ನು ಮೆದುವಾಗಿಸುವ ತಂತಿಯ ಸುರುಳಿ) ಹಾಕಬೇಕು ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಅದೇ ಪುಟದಲ್ಲಿ, ಉದ್ದ ಕೇಬಲಿನಿಂದ ಭೂಮಿಗೆ ಕರೆಂಟು ಸೋರಿ ಇಎಲ್‌ಸಿಬಿ ಬೀಳಬಹುದು, ಸುತ್ತಲಿನ ರೇಡಿಯೋಗೆ ತೊಂದರೆಯಾಗಬಹುದು ಎಂದೂ ಇತ್ತು. ಮೂರೂ ಒಂದೇ ರೋಗದ ಲಕ್ಷಣ. ಮೊದಲನೆಯದನ್ನು ಅಪ್ಪ ಮೊದಲ ದಿನವೇ ಹೇಳಿದ್ದರು.

ವೈಂಡಿಂಗಿಗೆ 6,500. ಎಂಟು ದಿನ ನೀರಿಲ್ಲ. ಪಕ್ಕದ ತೋಟದವರು ಸೀಮೆಣ್ಣೆ ಪಂಪು ಕೊಟ್ಟರು, ಹಳೆ ತೋಟ ಹೇಗೋ ಉಳಿಯಿತು. ಗುಡ್ಡೆಯ ಸಸಿಗಳಲ್ಲಿ ಹನ್ನೊಂದು ಒಣಗಿದವು. ಅವುಗಳನ್ನು ನಾನೇ ಬಿಂದಿಗೆಯಲ್ಲಿ ನೀರು ಹೊಯ್ದು ಬೆಳೆಸಿದ್ದೆ.

ಮಂಗಳೂರಿನ ಅಂಗಡಿಯೊಂದಕ್ಕೆ ಚೋಕ್‌ಗೆ ಹೇಳಿ ಹಣ ಕಳಿಸಿದೆ. ಅದು ಬರುವವರೆಗೆ ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಕಡಿಯುತ್ತದೆ ಎನ್ನುವುದನ್ನು, 8ರಿಂದ 2 ಕಿಲೋಹರ್ಟ್ಸಿಗೆ ಇಳಿಸಿದೆ. ಪೆಟ್ಟುಗಳ ಸಂಖ್ಯೆಯಾದರೂ ಕಡಿಮೆಯಾಗಲಿ ಎಂದು. ಮೋಟರು ತಗಡು ಕೊರೆದ ಹಾಗೆ ಕಿರುಚತೊಡಗಿತು. ಅಷ್ಟರಲ್ಲಿ ಮಾರ್ಚಿನ ಕೊನೆಯ ವಾರ ಕೋವಿಡ್ ಲಾಕ್‌ಡೌನ್ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ನಮ್ಮ ಊರಿನ ರೋಗಿಗಳನ್ನೇ ಬಿಡದ ದಿನಗಳವು. ಚೋಕ್ ಬರುವ ಆಸೆ ಇಟ್ಟುಕೊಳ್ಳುವಂತಿರಲಿಲ್ಲ.

ಹಾಗಾಗಿ ಮನೆಯಲ್ಲಿ ಕೂತು ಯೋಚಿಸಿದೆ. ವಯರನ್ನು ಗಿಡ್ಡ ಮಾಡಲು ಆಗುವುದಿಲ್ಲ ನಿಜ, ಡ್ರೈವನ್ನೇ ಕೆಳಗೆ ಒಯ್ಯಬಹುದಲ್ಲ? ಆಗ ಆ 130 ಮೀಟರಿನಲ್ಲಿ ಹರಿಯುವುದು ಮಾಮೂಲು 50 ಹರ್ಟ್ಸಿನ ಕರೆಂಟು. ಕಡಿದ ಕರೆಂಟು ಹೋಗುವುದು ಡ್ರೈವಿನಿಂದ ಮೋಟರಿಗೆ, ಎರಡು ಮೀಟರು. ಹೊಸ ಕೇಬಲು ಬೇಡ. ಪರಿಚಯದ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ಮೇನು ತೆಗೆದು, ಡ್ರೈವಿನೊಳಗಿನ ಕೆಪ್ಯಾಸಿಟರಿನ ಚಾರ್ಜು ಇಳಿಯಲು ಹತ್ತು ನಿಮಿಷ ಕಾದು, ಬಿಚ್ಚಿ ಕೆಳಗೆ ಒಯ್ದು ಕೂರಿಸಿದೆ. ಅರ್ಥಿಂಗನ್ನು ಶೆಡ್ಡಿನ ಪಕ್ಕದಲ್ಲೇ ಸರಿಯಾಗಿ ಮಾಡಿದೆ.

ಅವತ್ತು ಸಂಜೆ ಪಂಪು ಹಾಕಿ ಮೇಲೆ ಹತ್ತಿ ಬಂದೆ. ಅಪ್ಪ ರೇಡಿಯೋವನ್ನು ಜಗಲಿಗೆ ತಂದಿಟ್ಟುಕೊಂಡಿದ್ದರು. ತೀರ ಕಿವಿಗೊಟ್ಟರೆ ಒಂದು ಸಣ್ಣ ಗುಂಯ್ ಇತ್ತು, ಅಷ್ಟೆ. ಇಎಲ್‌ಸಿಬಿ ಆಮೇಲೆ ಗುಡುಗು ಸಿಡಿಲಿನ ದಿನ ಬಿಟ್ಟರೆ ಬಿದ್ದಿಲ್ಲ. ಕ್ಯಾರಿಯರನ್ನು 4ಕ್ಕೆ ಏರಿಸಿದೆ, ಕಿರುಚಾಟ ನಿಂತಿತು. ಅದೇ ಮೋಟರು, ಅದೇ ವೈಂಡಿಂಗು, ಈಗಲೂ ಓಡುತ್ತಿದೆ. ಜಗಲಿಯಿಂದಲೇ ಹಾಕುವ ಆಸೆಯೂ ಆಮೇಲೆ ಕೈಗೂಡಿತು. ಡ್ರೈವಿನ ಕಂಟ್ರೋಲ್ ಟರ್ಮಿನಲ್ಲಿನಿಂದ ತೆಳು ವಯರು ಎಳೆದು ಎರಡು ಸ್ವಿಚ್ಚು ಇಟ್ಟೆ: ಒಂದು 38ಕ್ಕೆ, ಒಂದು 49ಕ್ಕೆ. ಅಪ್ಪ ಮಾತ್ರ ಅದನ್ನು ಮುಟ್ಟುವುದಿಲ್ಲ. ನೀರು ಬಿಡುವಾಗ ತೋಟದಲ್ಲಿ ಇರಬೇಕು ಎನ್ನುವುದು ಅವರ ಕ್ರಮ.

ಕೆರೆಯ ಬದಿಗೆ ಬಂದ ಮೇಲೆ ಆರೈಕೆ ಹೆಚ್ಚಾಯಿತು. ತಗಡಿನ ಪೆಟ್ಟಿಗೆ ಮಾಡಿಸಿ ಗಾಳಿಯ ಕಿಂಡಿಗೆಲ್ಲ ಸೊಳ್ಳೆಬಲೆಯಂಥ ಸಣ್ಣ ಜಾಳಿಗೆ ಹಾಕಿದ್ದೇನೆ. ಇರುವೆ, ಹಲ್ಲಿ ಎರಡಕ್ಕೂ ಬೆಚ್ಚಗಿನ ಸರ್ಕ್ಯೂಟು ಬಲು ಇಷ್ಟ. ತಿಂಗಳಿಗೊಮ್ಮೆ ಬ್ರಶ್ಶಿನಲ್ಲಿ ಧೂಳು ತೆಗೆಯುತ್ತೇನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಅದನ್ನು ಶೆಡ್ಡಿನಲ್ಲೇ ಬಿಡುವ ಧೈರ್ಯ ನನಗಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಒಳ್ಳೆ ಮಳೆ ಹಿಡಿದ ಮೇಲೆ ಬಿಚ್ಚಿ ಮನೆಗೆ ತಂದು ಕಪಾಟಿನಲ್ಲಿಡುತ್ತೇನೆ. ಜಗಲಿಯ ಹಳೆ ಪಾಯಿಂಟಿಗೆ ತಿಂಗಳಿಗೊಮ್ಮೆ ಜೋಡಿಸಿ ಒಂದು ಗಂಟೆ ಸುಮ್ಮನೆ ಕರೆಂಟು ಕೊಡುತ್ತೇನೆ, ಥಂಡಿ ಆರಲಿ, ಕೆಪ್ಯಾಸಿಟರುಗಳು ಎಚ್ಚರವಾಗಿರಲಿ ಎಂದು. ಡಿಸೆಂಬರಿನಲ್ಲಿ ಮತ್ತೆ ಕೆಳಗೆ.

ಐದನೇ ವರ್ಷ ಒಳಗಿನ ಫ್ಯಾನು ಹೋಯಿತು, ಬೇರೆ ಹಾಕಿಸಿದೆ. ಈಗಲೂ ಬೇಸರ ತರಿಸುವುದು ಏಪ್ರಿಲಿನ ಸಂಜೆಗಳು. ಎಲ್ಲರ ಪಂಪೂ ಒಟ್ಟಿಗೆ ಓಡಿ ವೋಲ್ಟೇಜು 340ಕ್ಕೆ ಇಳಿದಾಗ ಇದು ಅಂಡರ್‌ವೋಲ್ಟೇಜ್ ಎಂದು ನಿಂತುಬಿಡುತ್ತದೆ. ಹಳೆಯ ಸ್ಟಾರ್ಟರಾದರೆ ಬಿಸಿಯಾಗುತ್ತಾ ಹೇಗೋ ಎಳೆಯುತ್ತಿತ್ತು. ಮೋಟರಿಗೆ ಇದೇ ಕ್ಷೇಮ ಎಂದು ಗೊತ್ತು, ಆದರೂ ಅರ್ಧ ತೋಟ ಒಣಗಿ ನಿಂತಾಗ ಕಷ್ಟವಾಗುತ್ತದೆ. ನಾನು ನೀರಿನ ಹೊತ್ತನ್ನೇ ಬೆಳಗಿಗೆ ಬದಲಿಸಿಕೊಂಡೆ.

ತೋಟವೆಲ್ಲ ಒಂದೇ ಮಟ್ಟದಲ್ಲಿದ್ದು, ಪಂಪಿಗೆ ಸರಿಯಾಗಿ ಸ್ಪ್ರಿಂಕ್ಲರಿನ ಲೆಕ್ಕ ಕೂಡಿದ್ದರೆ ಈ ಖರ್ಚು ಬೇಡ. ತಟ್ಟು ತಟ್ಟು ಜಾಗ, ಒಂದೇ ಪಂಪು ಇದ್ದವರು ತೆಗೆದುಕೊಳ್ಳಿ. ಅಂಗಡಿಗೆ ಹೋಗುವ ಮೊದಲು ಡ್ರೈವು ಕೂರುವ ಜಾಗದಿಂದ ಮೋಟರಿಗೆ ಹಗ್ಗ ಹಿಡಿದು ಅಳೆಯಿರಿ. ಬೋರ್‌ವೆಲ್ಲಿನವರು ಕೊಳವೆಯೊಳಗೆ ಇಳಿದ ಕೇಬಲನ್ನೂ ಸೇರಿಸಿ. ಅಲ್ಲಿ ಡ್ರೈವನ್ನು ಮೋಟರಿನ ಹತ್ತಿರ ಒಯ್ಯುವ ದಾರಿಯಿಲ್ಲ, ಪುಸ್ತಕದಲ್ಲಿ ಹೇಳಿದ ಉದ್ದ ಮೀರಿದರೆ ಚೋಕ್ ಬೇಕೇ ಬೇಕು.

ಮಂಗಳೂರಿನ ಚೋಕ್ ಆ ವರ್ಷ ಮಳೆಗಾಲ ಹಿಡಿದ ಮೇಲೆ ಬಂತು. ಪೆಟ್ಟಿಗೆ ಒಡೆಯದೆ ಅಟ್ಟದಲ್ಲಿಟ್ಟಿದ್ದೆ. ಸೀಮೆಣ್ಣೆ ಪಂಪು ಕೊಟ್ಟಿದ್ದ ಪಕ್ಕದ ತೋಟದವರು ಹೋದ ತಿಂಗಳು ಗುಡ್ಡೆಯಲ್ಲಿ ಬೋರು ತೆಗೆಸಿದರು, 5 ಎಚ್‌ಪಿಯದೇ ಮೋಟರು, ಡ್ರೈವು ತರುವವರಿದ್ದಾರೆ. ನಿನ್ನೆ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿ, ಆಂಪಿಯರು ಸರಿಹೊಂದುತ್ತದೆಯೇ ಎಂದು ಇಬ್ಬರೂ ನೋಡಿದೆವು. ಹೊಂದುತ್ತದೆ. ಭಾನುವಾರ ಒಯ್ಯುತ್ತಾರೆ.