ವಿಷಯಕ್ಕೆ ಪಾಸು, ಕಾಗುಣಿತಕ್ಕೆ ಫೇಲು: ಅಪ್ಪನ ವಿಲ್ ಬರೆಸಿದ್ದು

ವಕೀಲರು ಕಳಿಸಿದ ಮೊದಲ ಕರಡಿನಲ್ಲಿ ಅಪ್ಪ 11 ತಪ್ಪು ಹುಡುಕಿದರು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಕೊನೆಗೆ ‘ವಿಷಯಕ್ಕೆ ಪಾಸು, ಕಾಗುಣಿತಕ್ಕೆ ಫೇಲು’ ಎಂದು ಬರೆದರು. ಅಪ್ಪನಿಗೆ 83 ವರ್ಷ, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ತಪ್ಪೆಲ್ಲ ಬರೀ ಕಾಗುಣಿತದ್ದೂ ಅಲ್ಲ. ಮನೆಯ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವ, ಪಶ್ಚಿಮ ಅದಲು ಬದಲಾಗಿತ್ತು. ಕ್ರಯಪತ್ರ ಪಕ್ಕಕ್ಕಿಟ್ಟುಕೊಂಡು ಓದದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದರೂ ಈ ವಕೀಲರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮ ಇದೆ. ಸುಮ್ನೆ ಅವರಿಗೆ ತೊಂದರೆ ಯಾಕೆ?

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿ 30-40 ಸೈಟಿನ ಮನೆ. ಮೇಲಿನ ಮನೆಗೆ ಬಾಡಿಗೆ 9,000. ತೀರ್ಥಹಳ್ಳಿ ಕಡೆ ಅಜ್ಜನ ಕಾಲದ ಎರಡು ಎಕರೆ ಅಡಿಕೆ ತೋಟ. ನಾನು ದೊಡ್ಡವಳು, ಇದೇ ಊರಿನಲ್ಲಿದ್ದೇನೆ. ತಂಗಿ ಹುಬ್ಬಳ್ಳಿ, ತಮ್ಮ ಅಮೆರಿಕ. ಅಮ್ಮನಿಗೆ ಎರಡೂ ಮಂಡಿ ಹೋಗಿದೆ, ಈಚೆಗೆ ಮರೆವೂ ಶುರುವಾಗಿದೆ.

ಮೊದಲು ತಮ್ಮ ಒಂದು ಆನ್‌ಲೈನ್ ವಿಲ್ ಸೇವೆಯ ಲಿಂಕ್ ಕಳಿಸಿದ್ದ. ಎಲ್ಲ ಇಂಗ್ಲಿಷ್. ‘ಪಾಲುಪಟ್ಟಿ’ಯಿಂದ (ಮನೆತನದ ಆಸ್ತಿ ಹಂಚಿಕೊಂಡ ಪತ್ರ) ಬಂದ ತೋಟವನ್ನು ಯಾವ ಖಾನೆಯಲ್ಲಿ ಹಾಕಬೇಕೋ ತಿಳಿಯಲಿಲ್ಲ. ಬಿಟ್ಟೆವು. ಪಕ್ಕದ ಮನೆಯವರು ‘ಮಗನಿಗೆ ದಾನಪತ್ರ ಮಾಡಿ ಮುಗಿಸಿಬಿಡಿ’ ಎಂದರು. ಅದನ್ನೂ ತಲೆಯಲ್ಲಿಟ್ಟುಕೊಂಡೇ ವಕೀಲರ ಬಳಿ ಹೋಗಿದ್ದು.

ನಾವು ಮೂವರೂ ಮೊದಲೇ ವಾಟ್ಸಾಪಿನಲ್ಲಿ ಎಲ್ಲ ಹಂಚಿ ಆಗಿತ್ತು. ಮನೆ ತಮ್ಮನಿಗೆ, ತೋಟವೂ ಅವನಿಗೇ, ನಮಗಿಬ್ಬರಿಗೆ ಅಮ್ಮನ ಒಡವೆ. ಅದನ್ನು ಬರೆದುಕೊಂಡಿದ್ದ ಚೀಟಿಯನ್ನು ವಕೀಲರ, ಅಂದರೆ ಮೇಡಂ ಮುಂದೆ ಇಟ್ಟೆ. ಅವರು ಅದನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. ‘ಇದು ನಿಮ್ಮ ವಿಲ್. ಮೇಷ್ಟ್ರದ್ದು ಬೇಕು. ನೀವು ಸ್ವಲ್ಪ ಹೊರಗೆ ಕೂತಿರಿ.’

ಒಂದು ಗಂಟೆ ಹೊರಗೆ ಕೂತಿದ್ದೆ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಡಾಕ್ಟರ ಹತ್ತಿರ, ಬ್ಯಾಂಕಿಗೆ ಕರೆದುಕೊಂಡು ಹೋಗುವವಳು ನಾನು, ನನ್ನನ್ನೇ ಹೊರಗೆ ಕಳಿಸುವುದಾ?

ಒಳಗೆ ಕರೆದಾಗ ಅಪ್ಪನ ಮನಸ್ಸಿನಲ್ಲಿದ್ದದ್ದು ಹೊರಬಂತು. ಮನೆ ಮೊದಲು ಅಮ್ಮನಿಗೆ, ಅವಳು ಇರುವವರೆಗೂ. ಆಮೇಲೆ ಮೂವರಿಗೂ ಸಮ. ಜೊತೆಗೆ ‘ನನ್ನ ಹೆಂಡತಿಯನ್ನು ಈ ಮನೆಯಿಂದ ಯಾರೂ ಬೇರೆ ಕಡೆ ಕರೆದುಕೊಂಡು ಹೋಗಬಾರದು’ ಎಂದೂ ಬರೆಯಿರಿ ಅಂದಿದ್ದರಂತೆ. ಅಂಥ ಅಪ್ಪಣೆ ಬರೆದು ಪ್ರಯೋಜನವಿಲ್ಲ, ಅದರ ಬದಲು ಅವರು ಇಲ್ಲೇ ಇರುವುದಕ್ಕೆ ದುಡ್ಡು ಎತ್ತಿಡಿ ಎಂದು ಮೇಡಂ ಹೇಳಿದರು. ಅಪ್ಪನ 8 ಲಕ್ಷದ ಒಂದು ಎಫ್‌ಡಿ ಅಮ್ಮನ ಆರೈಕೆಗೆ ಎಂದಾಯಿತು.

ಆಗ ಮೇಡಂ ಕೇಳಿದ್ದು: ‘ದಿನವಿಡೀ ನೋಡಿಕೊಳ್ಳುವ ಹೋಂ ನರ್ಸ್‌ಗೆ ತಿಂಗಳಿಗೆ ಎಷ್ಟು?’ ನಾನು ಹಿಂದಿನ ವಾರ ವಿಚಾರಿಸಿದ್ದೆ, 24,000. ಅವರು ಕ್ಯಾಲ್ಕುಲೇಟರ್ ಒತ್ತಿದರು. ‘33 ತಿಂಗಳು. ಆಮೇಲೆ?’

ಯಾರೂ ಮಾತಾಡಲಿಲ್ಲ. ಬಾಡಿಗೆ ಸೇರಿಸಿದರೆ ತಿಂಗಳಿಗೆ ಕಡಿಮೆ ಬೀಳುವುದು 15,000, ಅಂದರೆ ನಾಲ್ಕು ವರ್ಷ ಚಿಲ್ಲರೆ. ಕುಟುಂಬ ಪಿಂಚಣಿ ಊಟ, ಔಷಧಿಗೆ. ಆಮೇಲಿನದನ್ನು ಮಕ್ಕಳು ಮೂವರೂ ಕೂತು ಬೇರೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಿ, ಅದು ವಿಲ್‌ನಲ್ಲಿ ಬರುವ ವಿಷಯ ಅಲ್ಲ ಎಂದರು. ವರ್ಷಗಟ್ಟಲೆ ‘ನೋಡೋಣ ಬಿಡು’ ಎನ್ನುತ್ತಾ ಬಂದಿದ್ದೆವು.

ದಾನಪತ್ರ ಬೇಡವೇ ಬೇಡ ಅಂದರು. ಮಾಡಿದ ದಿನವೇ ಮನೆ ಕೈಬಿಟ್ಟ ಹಾಗೆ. ಮಕ್ಕಳು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದರೆ, ಅವರು ನೋಡದೇ ಹೋದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹಿಡಿದು ರದ್ದು ಮಾಡಿಸಬಹುದು. ಆದರೆ 83ರಲ್ಲಿ ಯಾರು ಎಸಿ (ಉಪವಿಭಾಗಾಧಿಕಾರಿ) ಆಫೀಸು ಅಲೆಯುತ್ತಾರೆ? ವಿಲ್ ಆದರೆ ಬದುಕಿರುವಷ್ಟು ದಿನ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ಹರಿದು ಬೇರೆ ಬರೆಯಬಹುದು.

ತೋಟದ ಮಾತು ಬಂದಾಗ ತಮ್ಮ ವಿಡಿಯೋ ಕಾಲ್‌ನಲ್ಲಿದ್ದ. ಅದು ಪಿತ್ರಾರ್ಜಿತ, ಅಪ್ಪ ವಿಲ್ ಬರೆಯಬಹುದಾದದ್ದು ತನಗೆ ಬರುವ ಪಾಲಿಗೆ ಮಾತ್ರ ಎಂದು ಮೇಡಂ ವಿವರಿಸಿದರು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ತಮ್ಮ ‘ನೆಟ್‌ವರ್ಕ್ ಸರಿ ಇಲ್ಲ’ ಎಂದ. ನಮಗೆ ಅವನ ಮುಖ ಚೆನ್ನಾಗಿಯೇ ಕಾಣುತ್ತಿತ್ತು.

ಸಾಕ್ಷಿಗೆ ಅಪ್ಪ 80 ವರ್ಷದ ಗೆಳೆಯರೊಬ್ಬರ ಹೆಸರು ಹೇಳಿದರು. ‘ಸರ್, ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಇರಬೇಕಲ್ಲ’ ಎಂದು ಮೇಡಂ ಅಂದಾಗ ಅಪ್ಪ ಜೋರಾಗಿ ನಕ್ಕರು. ಕೊನೆಗೆ ನಲವತ್ತರ ಆಸುಪಾಸಿನ ಇಬ್ಬರು ಹಳೆಯ ವಿದ್ಯಾರ್ಥಿಗಳು ಬಂದು ಸಹಿ ಹಾಕಿದರು. ಆಸ್ತಿಯಲ್ಲಿ ಏನೂ ಸಿಗದವರೇ ಸಾಕ್ಷಿ ಆಗಲಿ ಎಂಬುದೂ ಮೇಡಂ ಅವರದೇ ಸಲಹೆ.

ಇನ್ನು ದೂರುಗಳು. ಅಪ್ಪನ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ವೈದ್ಯರ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು ಎಂದು ನೋಂದಣಿಯ ಹಿಂದಿನ ಸಂಜೆ ಫೋನ್ ಮಾಡಿದರು. ಓಡಾಟವೋ ಓಡಾಟ. ಕಚೇರಿಗೆ ಬರಲಾಗದಂಥ ವಯಸ್ಸಾದವರಿದ್ದರೆ ಕೋರಿಕೆ ಕೊಟ್ಟು ಸಬ್ ರಿಜಿಸ್ಟ್ರಾರ್ ಅವರನ್ನೇ ಮನೆಗೆ ಕರೆಸಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ಅದನ್ನು ನಮಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಅಷ್ಟಕ್ಕೂ ವಿಲ್ ನೋಂದಣಿ ಕಡ್ಡಾಯ ಅಲ್ಲ, ಸ್ಟಾಂಪ್ ಡ್ಯೂಟಿಯೂ ಇಲ್ಲ. ಮುಂದೆ ತಕರಾರು ಬಂದರೆ ಇರಲಿ ಎಂದು ಮಾಡಿಸಿದೆವು.

ಇನ್ನೊಂದು ಕೊರತೆ ಅಪ್ಪನಿಗೆ ಜಾಸ್ತಿ ಬೇಸರ ತಂದಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಅವರು ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಸುದ್ದಿಯ ಪೇಪರ್ ಕಟಿಂಗ್ ಅಪ್ಪನ ಬಳಿ ಇತ್ತು. ತಾನೂ ‘ವೆಂಟಿಲೇಟರ್ ಹಾಕಬೇಡಿ’ ಎಂದು ಬರೆದಿಡಬೇಕು ಎಂಬುದು ಅವರ ಆಸೆ. ಹೀಗೆ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ, 2023ರಲ್ಲಿ ಕ್ರಮವನ್ನೂ ಸುಲಭ ಮಾಡಿದೆ. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಸಾಕು. ಮೇಡಂ ಮಾತ್ರ ‘ನಾನು ಅದನ್ನು ಮಾಡುವುದಿಲ್ಲ’ ಎಂದು ಬಿಟ್ಟರು. ಅದಕ್ಕೆ ಬೇರೆ ವಕೀಲರನ್ನು ಹುಡುಕುತ್ತಿದ್ದೇವೆ.

ಫೀಸು 12,000. ತಿದ್ದುಪಡಿಗೆ ಮತ್ತೆ ಕೇಳಲಿಲ್ಲ, ಆ ಕೆಂಪು ಪೆನ್ನಿನ ಹಾಳೆ ನೋಡಿ ಕೇಳುವ ಧೈರ್ಯ ಬರಲಿಲ್ಲವೇನೋ. ನೀವು ಹೋಗುವುದಾದರೆ ಇಂಥ ವಕೀಲರ ಬಳಿ ಸಂಜೆ ಹೋಗಿ, ಹಗಲು ಕೋರ್ಟಿನಲ್ಲಿರುತ್ತಾರೆ. ಕ್ರಯಪತ್ರ, ಖಾತೆ, ಪಹಣಿ ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಹೊರಗೆ ಕಾಯಲು ಒಂದು ಪುಸ್ತಕವೂ ಇರಲಿ.

ವಿಲ್ ಈಗ ಗೋದ್ರೇಜ್ ಬೀರುವಿನಲ್ಲಿದೆ, ಬೀಗದ ಕೈ ಅಮ್ಮನ ಸೊಂಟದಲ್ಲಿ. ಮೂವರ ಕಾಗದಕ್ಕೆ ನಾನು, ತಂಗಿ ಸಹಿ ಹಾಕಿದ್ದೇವೆ. ತಮ್ಮ ಡಿಸೆಂಬರ್‌ನಲ್ಲಿ ಬರುತ್ತೇನೆ ಅಂದಿದ್ದಾನೆ.